ಹತ್ತು ವಾರದ ನಾಯಿಮರಿಗೆ ‘ಕುಂದ್ರು’, ‘ಬಾ’, ‘ಬಿಡು’ ಕಲಿಸುವುದು ಹೇಗೆ? ಟ್ರೀಟ್ ಕೊಟ್ಟು ಕಲಿಸಿದವರು ಹೇಳಿ

ವಿದ್ಯಾನಗರ, ಹುಬ್ಬಳ್ಳಿ:

ನಮಸ್ಕಾರ ಎಲ್ಲರಿಗೂ. ನಮ್ಮ ಮನೆಗೆ ಲ್ಯಾಬ್ರಡಾರ್ ಮರಿ ಬಂದಿದೆ. ಹೆಣ್ಣು ಮರಿ, ಈಗ ಹತ್ತು ವಾರ. ಚಿನ್ನಿ ಅಂತ ಹೆಸರಿಟ್ಟಿದ್ದೇವೆ. ಬಹಳ ಚುರುಕು, ಬಹಳ ಪ್ರೀತಿ, ಯಾವಾಗಲೂ ಹಸಿವು.

ಕುಂದ್ರು, ಬಾ, ಬಿಡು, ಇಷ್ಟಾದರೂ ಈಗಲೇ ಕಲಿಸಬೇಕು ಅಂತ ಆಸೆ. ಬಿಸ್ಕತ್ತು ಕೊಟ್ಟು ಶುರು ಮಾಡಿದ್ದೇವೆ. ಕೈಯಲ್ಲಿ ಬಿಸ್ಕತ್ತು ಕಂಡರೆ ಚೆಂದವಾಗಿ ಕುಳಿತುಕೊಳ್ಳುತ್ತದೆ. ಕೈ ಖಾಲಿ ಇದ್ದರೆ ಒಂದು ಸಲ ಮೂಸಿ ನೋಡಿ ಸೀದಾ ಹೋಗಿ ಸೋಫಾದ ಕಾಲು ಕಡಿಯುತ್ತದೆ. ಮಾವನವರು ‘ತಿನ್ನಾಕ ಕೊಟ್ಟು ಕಲಿಸಿದ್ರ ಜನ್ಮಪೂರ್ತಿ ಕೊಡ್ಕೋತ ಇರಬೇಕಾಗತೈತಿ’ ಅನ್ನುತ್ತಿದ್ದಾರೆ. ಅದು ನಿಜವೇ?

ಇನ್ನೊಂದು ವಿಷಯ. ಅತ್ತೆ ‘ಕುಂದ್ರು’ ಅನ್ನುತ್ತಾರೆ, ಮಗಳು ‘ಸಿಟ್’ ಅನ್ನುತ್ತಾಳೆ, ನಮ್ಮ ಮನೆಯವರು ‘ಕೂತ್ಕೋ’ ಅನ್ನುತ್ತಾರೆ. ಹೀಗಾದರೆ ನಡೆಯುತ್ತದೆಯೇ? ನಮ್ಮದು ಪೂರ್ತಿ ಶಾಕಾಹಾರಿ ಮನೆ, ಮೊಟ್ಟೆಯೂ ಒಳಗೆ ಬರುವುದಿಲ್ಲ. ಅಂಥ ಮನೆಯಲ್ಲಿ ಟ್ರೀಟ್ ಅಂತ ಏನು ಕೊಡಬಹುದು? ಅನುಭವ ಇದ್ದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕೆಲಗೇರಿ ಕೆರೆ, ಧಾರವಾಡ:

ಅಕ್ಕಾರೆ, ಹತ್ತು ವಾರ ಅಂದರೆ ಒಳ್ಳೆಯ ವಯಸ್ಸು. ಮರಿ ಎಂಟು ವಾರದಿಂದಲೇ ಕಲಿಯುತ್ತದೆ. ಆರು ತಿಂಗಳಾಗಲಿ ಅಂತ ಕಾಯುವವರು ಬಹಳ ಮಂದಿ. ಅಷ್ಟರಲ್ಲಿ ಅದು ಬೇಡದ್ದನ್ನೆಲ್ಲ ತಾನೇ ಕಲಿತಿರುತ್ತದೆ.

ನಿಮ್ಮ ಮಾವನವರ ಮಾತಿನಲ್ಲಿ ಅರ್ಥ ಇದೆ. ಬಿಸ್ಕತ್ತು ಮೊದಲು ತೋರಿಸಿ ಆಮೇಲೆ ಕುಂದ್ರು ಅಂದರೆ ಅದು ಲಂಚ. ಕೆಲಸ ಆದ ಮೇಲೆ ಬಂದರೆ ಅದು ಕೂಲಿ. ಲಂಚ ತಿಂದು ಕಲಿತ ಮರಿ ಮೊದಲು ನಿಮ್ಮ ಕೈ ನೋಡುತ್ತದೆ, ಇದ್ದರೆ ಕೂರುತ್ತದೆ, ಇಲ್ಲದಿದ್ದರೆ ಹೋಗುತ್ತದೆ. ಚಿನ್ನಿ ಈಗ ಮಾಡುತ್ತಿರುವುದು ಅದೇ. ಚಿಕ್ಕ ಮರಿ, ಸರಿ ಮಾಡುವುದು ಕಷ್ಟ ಏನಲ್ಲ.

ಮೊದಲು ಒಂದು ಮೆಚ್ಚುಗೆಯ ಮಾತು ಗೊತ್ತು ಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ‘ಶಾಭಾಸ್’. ಏನೂ ಕೆಲಸ ಹೇಳಬೇಡಿ. ಸುಮ್ನೆ ‘ಶಾಭಾಸ್’ ಅನ್ನಿ, ತಕ್ಷಣ ಒಂದು ಚೂರು ಕೊಡಿ. ಹತ್ತು ಹದಿನೈದು ಸಲ ಮಾಡಿದರೆ ಆ ಮಾತು ಕಿವಿಗೆ ಬಿದ್ದ ಕೂಡಲೇ ಮರಿ ತಿರುಗಿ ನೋಡುತ್ತದೆ. ಇದು ಯಾಕೆ ಬೇಕು ಅಂದರೆ, ಮರಿ ಸರಿಯಾದ ಕೆಲಸ ಮಾಡಿದ್ದಕ್ಕೂ ನೀವು ಡಬ್ಬಿ ತೆಗೆದು ಕೊಡುವುದಕ್ಕೂ ನಡುವೆ ಸ್ವಲ್ಪ ಹೊತ್ತು ಹೋಗಿಯೇ ಹೋಗುತ್ತದೆ. ಎರಡೇ ಸೆಕೆಂಡ್ ಇರಬಹುದು. ಅಷ್ಟರಲ್ಲಿ ಅದು ಕುಳಿತು, ಎದ್ದು, ನಿಮ್ಮ ಸೆರಗು ಹಿಡಿದು ಎಳೆದಿರುತ್ತದೆ. ಆಗ ಕೊಟ್ಟರೆ ಸೆರಗು ಎಳೆದದ್ದಕ್ಕೆ ಕೊಟ್ಟ ಹಾಗೆ ಆಯಿತು, ಅಲ್ವಾ? ಮಾತು ಕೈಗಿಂತ ಬೇಗ ಮುಟ್ಟುತ್ತದೆ. ‘ಇದಕ್ಕೇ ಸಿಗುತ್ತಿದೆ’ ಅಂತ ಅದಕ್ಕೆ ತಿಳಿಯುತ್ತದೆ.

ಈಗ ಕೂರುವುದು. ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಕಡಲೆ ಕಾಳಿನಷ್ಟು ತಿನಿಸು ಹಿಡಿಯಿರಿ. ಅದಕ್ಕಿಂತ ದೊಡ್ಡದು ಬೇಡ. ಮರಿಯ ಮೂಗಿಗೆ ತಾಗುವಷ್ಟು ಹತ್ತಿರ ತನ್ನಿ. ಅಲ್ಲಿಂದ ಕೈಯನ್ನು ನಿಧಾನವಾಗಿ ಮೇಲಕ್ಕೆ, ಸ್ವಲ್ಪ ಹಿಂದಕ್ಕೆ, ಎರಡು ಕಿವಿಗಳ ನಡುವೆ ಹೋಗುವಂತೆ ಒಯ್ಯಿರಿ. ಮೂಗು ಮೇಲೆ ಹೋದ ಹಾಗೆ ಹಿಂಭಾಗ ತಾನಾಗಿ ಇಳಿಯುತ್ತದೆ. ಕುಂಡೆ ನೆಲಕ್ಕೆ ತಾಗಿದ ಆ ಗಳಿಗೆಗೆ ‘ಶಾಭಾಸ್’. ಆಮೇಲೆ ತಿನಿಸು. ಕೈ ಜಾಸ್ತಿ ಎತ್ತರಕ್ಕೆ ಹೋದರೆ ಮರಿ ಮುಂಗಾಲೆತ್ತಿ ಜಿಗಿಯುತ್ತದೆ, ಆಗ ಕೈ ಇಳಿಸಿ. ಕೂರದೆ ಹಿಂದೆ ಹಿಂದೆ ಸರಿಯುತ್ತಿದ್ದರೆ ಅದರ ಬೆನ್ನ ಹಿಂದೆ ಗೋಡೆ ಇರುವ ಜಾಗದಲ್ಲಿ ಮಾಡಿ. ಸೊಂಟ ಒತ್ತಿ ಮಾತ್ರ ಕೂರಿಸಬೇಡಿ. ಎಳೆಯ ಕೀಲುಗಳು. ಜೊತೆಗೆ, ನೀವು ಕೆಳಗೆ ಒತ್ತಿದರೆ ಅದು ಮೇಲಕ್ಕೆ ಒತ್ತುತ್ತದೆ. ತಾನಾಗಿ ಕೂರುವುದನ್ನು ಕಲಿಯುವುದೇ ಇಲ್ಲ.

ಇಲ್ಲಿಯವರೆಗೆ ಎಲ್ಲರೂ ಮಾಡುತ್ತಾರೆ. ಮುಂದಿನದನ್ನು ಬಿಟ್ಟುಬಿಡುತ್ತಾರೆ. ಐದಾರು ಸಲ ಸರಿಯಾಗಿ ಕುಳಿತ ಮೇಲೆ ಅದೇ ಕೈ, ಅದೇ ಸನ್ನೆ, ಆದರೆ ಬೆರಳಲ್ಲಿ ಏನೂ ಇರಬಾರದು. ಮರಿ ಆ ಕೈಯ ಹಿಂದೆಯೇ ಮೂಗು ಎತ್ತಿ ಕೂರುತ್ತದೆ. ‘ಶಾಭಾಸ್’ ಅಂದು ಇನ್ನೊಂದು ಕೈಯಿಂದ, ಇಲ್ಲವೇ ಟೇಬಲ್ ಮೇಲಿನ ಡಬ್ಬಿಯಿಂದ ತೆಗೆದು ಕೊಡಿ. ಖಾಲಿ ಕೈ ಹೇಳಿದ ಕೆಲಸಕ್ಕೂ ಕೂಲಿ ಬರುತ್ತದೆ ಅಂತ ಅದಕ್ಕೆ ಮೊದಲ ದಿನವೇ ತಿಳಿಯಬೇಕು. ವಾರಗಟ್ಟಲೆ ತಿನಿಸು ಹಿಡಿದ ಕೈಯಲ್ಲೇ ಮಾಡಿದ್ದಕ್ಕೇ ‘ಬಿಸ್ಕತ್ತು ಇದ್ದರೆ ಮಾತ್ರ ಕೇಳುತ್ತದೆ’ ಅನ್ನುವ ದೂರು ಹುಟ್ಟುವುದು.

ಮಾತು ಕೊನೆಗೆ ಬರಲಿ. ಕೈ ಸನ್ನೆಗೆ ಖಾತ್ರಿಯಾಗಿ ಕೂರುತ್ತಿದೆ ಅಂತಾದಾಗ, ಸನ್ನೆಗೆ ಒಂದು ಸೆಕೆಂಡ್ ಮುಂಚೆ ‘ಕುಂದ್ರು’ ಅನ್ನಿ. ಒಂದೇ ಸಲ. ‘ಕುಂದ್ರು, ಕುಂದ್ರು, ಚಿನ್ನಿ ಕುಂದ್ರವ್ವಾ’ ಅಂತ ಹೇಳುತ್ತಾ ಹೋದರೆ ನಾಲ್ಕನೇ ಸಲಕ್ಕೆ ಕೂತರೆ ಸಾಕು ಅಂತ ಕಲಿಯುತ್ತದೆ. ಯಾವ ಪದ ಆದರೂ ನಡೆಯುತ್ತದೆ, ಮನೆಗೆಲ್ಲ ಒಂದೇ ಇರಲಿ. ಕಾಗದದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ.

ಒಂದು ಸಲಕ್ಕೆ ಮೂರರಿಂದ ಐದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಅಷ್ಟೇ. ಊಟಕ್ಕೆ ಸ್ವಲ್ಪ ಮುಂಚೆ ಮಾಡಿ. ಈ ವಯಸ್ಸಿನ ಮರಿ ದಿನಕ್ಕೆ 18 ಗಂಟೆಯಷ್ಟು ಮಲಗುತ್ತದೆ, ನಿದ್ದೆಗಣ್ಣಲ್ಲಿ ಇದ್ದಾಗ ಎಬ್ಬಿಸಿ ಪಾಠ ಬೇಡ.

ಗೋಕುಲ ರೋಡ್, ಹುಬ್ಬಳ್ಳಿ:

ತುಂಬಾ ಉಪಯೋಗ ಆಯ್ತು ಅಣ್ಣಾರೆ. ಒಂದು ಸಣ್ಣ ಮಾತು ಸೇರಿಸುತ್ತೇನೆ. ಡಬ್ಬಿ ತೆಗೆಯುವ ಸದ್ದಿಗೇ ಮರಿ ಓಡಿ ಬರುತ್ತದೆ, ಅದಕ್ಕೆ ಬಟ್ಟೆಯ ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಒಳ್ಳೆಯದು. ಎಲೆ ಅಡಿಕೆ ಸಂಚಿ ಸಿಗುತ್ತದಲ್ಲ, ಆ ಅಳತೆ ಸರಿಯಾಗುತ್ತದೆ. ಆದರೆ ಹೊಸದೇ ತನ್ನಿ. ತಂಬಾಕು ಇಟ್ಟಿದ್ದ ಸಂಚಿ ಎಷ್ಟು ಒಗೆದರೂ ಬೇಡ, ನಿಕೋಟಿನ್ ನಾಯಿಗೆ ವಿಷ.

ಗದಗದಿಂದ ಪಶುವೈದ್ಯೆ:

ತಿನಿಸಿನ ವಿಷಯ ನಾನು ಬರೆಯುತ್ತೇನೆ. ಪ್ರೀತಿಯಿಂದ ಕೊಟ್ಟದ್ದೇ ಎಷ್ಟೋ ಮರಿಗಳನ್ನು ದವಾಖಾನೆಗೆ ತರುತ್ತದೆ.

ದಿನದ ಒಟ್ಟು ಕ್ಯಾಲೊರಿಯಲ್ಲಿ ಟ್ರೀಟ್ 10% ದಾಟಬಾರದು. ಉಳಿದದ್ದು ಮರಿಗೆ ತಕ್ಕ ಸಮತೋಲನ ಆಹಾರವೇ ಆಗಬೇಕು. ಚಿನ್ನಿಗೆ ಡ್ರೈ ಫುಡ್ ಹಾಕುತ್ತಿದ್ದರೆ ಎಲ್ಲಕ್ಕಿಂತ ಸುಲಭದ ದಾರಿ ಅದೇ. ಬೆಳಿಗ್ಗೆ ಅಳೆದ ಪಾಲಿನಿಂದ ಒಂದು ಹಿಡಿ ತೆಗೆದಿಡಿ, ಮನೆಯೊಳಗಿನ ಪಾಠಕ್ಕೆ ಅದನ್ನೇ ಕೊಡಿ. ಗ್ಲೂಕೋಸ್ ಬಿಸ್ಕತ್ತು ನಿಲ್ಲಿಸಿ. ಅದರಲ್ಲಿ ಇರುವುದು ಮೈದಾ ಮತ್ತು ಸಕ್ಕರೆ. ಲ್ಯಾಬ್ರಡಾರ್ ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ತಂಡ ತೋರಿಸಿದ ಪ್ರಕಾರ, ಹಲವು ಲ್ಯಾಬ್ರಡಾರ್‌ಗಳಲ್ಲಿ ಪಿಒಎಂಸಿ ಎಂಬ ಜೀನಿನ ಒಂದು ತುಣುಕು ಇರುವುದಿಲ್ಲ. ಅಂಥವು ತಿನಿಸಿನ ಹಿಂದೆ ಜಾಸ್ತಿ ಬೀಳುತ್ತವೆ, ತೂಕವೂ ಬೇಗ ಏರುತ್ತದೆ. ‘ಯಾವಾಗಲೂ ಹಸಿವು’ ಅಂತ ನೀವು ಬರೆದಿರಿ. ಅದು ಹಸಿವೇ ಅಂತ ತಿಳಿದು ಹಾಕುತ್ತಾ ಹೋಗಬೇಡಿ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಆದರೆ ಬೆರಳಾಡಿಸಿದರೆ ಕೈಗೆ ಸಿಗಬೇಕು.

ಶಾಕಾಹಾರಿ ಮನೆಗೆ ಚಿಂತೆ ಇಲ್ಲ. ಉಪ್ಪಿಲ್ಲದೆ ಮನೆಯಲ್ಲೇ ಮಾಡಿದ ಪನೀರ್ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ವಾಸನೆಯೂ ಮೃದುವೂ ಇರುವುದರಿಂದ ಮರಿ ಅಗಿಯುತ್ತಾ ಹೊತ್ತು ಕಳೆಯುವುದಿಲ್ಲ. ಬೇಯಿಸಿದ ಗೆಣಸು, ಗಜ್ಜರಿ, ಸೌತೆಕಾಯಿ, ಬೀಜ ತೆಗೆದ ಸೇಬು ಕೊಡಬಹುದು. ಉಪ್ಪಿಲ್ಲದ ಹುರಿದ ಶೇಂಗಾ ಸಿಪ್ಪೆ ತೆಗೆದು ಒಂದೆರಡು ಕಾಳು ಮಾತ್ರ, ಎಣ್ಣೆ ಅಂಶ ಜಾಸ್ತಿ. ಖಡಕ್ ಜೋಳದ ರೊಟ್ಟಿಯ ಚೂರೂ ಆಗುತ್ತದೆ, ಚಟ್ನಿ ಪುಡಿ ತಾಗಿರಬಾರದು ಅಷ್ಟೇ.

ಕೊಡಲೇಬಾರದ್ದು: ಉಳ್ಳಾಗಡ್ಡಿ ಮತ್ತು ಬೆಳ್ಳುಳ್ಳಿ. ಹಸಿ, ಬೇಯಿಸಿದ್ದು, ಪುಡಿ, ಯಾವುದೂ ಬೇಡ. ನಾಯಿಯ ಕೆಂಪು ರಕ್ತಕಣಗಳನ್ನು ಅವು ಒಡೆಯುತ್ತವೆ. ಅಂದರೆ ಗಿರಮಿಟ್ ಇಲ್ಲ, ಸೂಸ್ಲಾ ಇಲ್ಲ, ಶೇಂಗಾ ಚಟ್ನಿ ಇಲ್ಲ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತವೆ, ಎಷ್ಟು ತಿಂದರೆ ಅಪಾಯ ಅಂತ ಗೆರೆ ಎಳೆಯಲು ಆಗುವುದಿಲ್ಲ. ಶಿರಾ, ಪಾಯಸ ತಟ್ಟೆಯಲ್ಲಿ ಉಳಿದದ್ದನ್ನು ನೆಕ್ಕಲು ಬಿಡಬೇಡಿ. ಚಾಕಲೇಟ್ ಬೇಡ. ಸಕ್ಕರೆ ರಹಿತ ಚ್ಯೂಯಿಂಗ್ ಗಮ್‌ನಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಪದಾರ್ಥ ಇದ್ದರೆ ಸ್ವಲ್ಪವೇ ಸಾಕು, ಪ್ರಾಣಕ್ಕೆ ಕುತ್ತು. ಧಾರವಾಡ ಪೇಡಾ ವಿಷ ಅಲ್ಲ, ಆದರೆ ಖೋವಾ ಮತ್ತು ಸಕ್ಕರೆ ಎರಡೂ ಸೇರಿ ಮರಿಯ ಹೊಟ್ಟೆ ಕೆಡಿಸುತ್ತವೆ. ಮನೆಗೆ ಬಂದ ನೆಂಟರಿಗೂ ಇದನ್ನು ಹೇಳಿ.

ಬೇರೆ ಮನೆಗಳಿಗೆ: ಬೇಯಿಸಿದ ಕೋಳಿಯ ಚೂರು, ಬೇಯಿಸಿದ ಮೊಟ್ಟೆ ಒಳ್ಳೆಯ ಟ್ರೀಟ್. ಮಸಾಲೆ ಹಾಕುವ ಮುಂಚೆಯೇ ತೆಗೆದಿಡಿ. ಬೇಯಿಸಿದ ಮೂಳೆ ಬೇಡ, ಸೀಳಿ ಕರುಳಿಗೆ ಚುಚ್ಚುತ್ತದೆ.

ಬೆಟಗೇರಿ ಮಾಸ್ತರು:

ಎಲ್ಲರ ಅಭಿಪ್ರಾಯ ಓದಿದೆ. ನನ್ನದು ಸ್ವಲ್ಪ ಬೇರೆ ಇದೆ, ಹೇಳುತ್ತೇನೆ. ನಮ್ಮ ಹಳ್ಳಿಯ ಮನೆಯಲ್ಲಿ ತಲೆಮಾರಿನಿಂದ ನಾಯಿ ಇವೆ. ಯಾರೂ ಪನೀರ್ ಕೊಟ್ಟು ಕಲಿಸಲಿಲ್ಲ. ಗದರಿದರೆ ಸಾಕು, ಬಹಳ ಆದರೆ ಪೇಪರ್ ಸುರುಳಿ ಸುತ್ತಿ ಒಂದು ಕೊಟ್ಟರೆ ಸಾಕು, ಹೊಸ್ತಿಲು ದಾಟುತ್ತಿರಲಿಲ್ಲ. ಪ್ರತಿ ಕೆಲಸಕ್ಕೂ ತಿನಿಸು ಕೊಟ್ಟರೆ ನಾಯಿಗೆ ಯಜಮಾನನ ಮೇಲೆ ಗೌರವ ಎಲ್ಲಿ ಉಳಿಯುತ್ತದೆ? ಹೊತ್ತಿಗೆ ಸರಿಯಾಗಿ ಊಟ, ಊಟದ ತಟ್ಟೆಯಿಂದ ಎತ್ತಿ ಕೊಡದಿರುವುದು, ಈ ಶಿಸ್ತು ಇದ್ದರೆ ಉಳಿದದ್ದು ತಾನಾಗಿ ಬರುತ್ತದೆ ಅನ್ನುವುದು ನನ್ನ ನಂಬಿಕೆ.

ಕೆಲಗೇರಿ ಕೆರೆ, ಧಾರವಾಡ:

ಮಾಸ್ತರೇ, ಹೊತ್ತಿಗೆ ಊಟ, ತಟ್ಟೆಯಿಂದ ಕೊಡದಿರುವುದು, ಎರಡೂ ನೂರಕ್ಕೆ ನೂರು ಒಪ್ಪುತ್ತೇನೆ. ಪೇಪರ್ ಸುರುಳಿ ಮಾತ್ರ ಬೇಡ ಅಂತ ಕೈಮುಗಿದು ಹೇಳುತ್ತೇನೆ.

ಹೊಡೆದರೆ ಮರಿ ಆ ಗಳಿಗೆಗೆ ನಿಲ್ಲಿಸುತ್ತದೆ, ನಿಜ. ಯಾವುದನ್ನು ಮಾಡಬಾರದು ಅಂತ ಸ್ವಲ್ಪ ತಿಳಿಯಬಹುದು. ಯಾವುದನ್ನು ಮಾಡಬೇಕು ಅಂತ ತಿಳಿಯುವುದಿಲ್ಲ. ಮನುಷ್ಯರ ಕೈ ಹತ್ತಿರ ಬಂದರೆ ಹುಷಾರಾಗಿರಬೇಕು ಅನ್ನುವುದು ಮಾತ್ರ ಗಟ್ಟಿಯಾಗಿ ಕಲಿಯುತ್ತದೆ. ಆಮೇಲೆ ಕೊರಳಪಟ್ಟಿ ಹಾಕಲು ಕೈ ಚಾಚಿದರೂ ಹಿಂದೆ ಸರಿಯುತ್ತದೆ. ಗುರ್ ಅಂದದ್ದಕ್ಕೆ ಹೊಡೆದರೆ ಇನ್ನೂ ಕೆಟ್ಟದ್ದು. ಗುರ್ ಅನ್ನುವುದು ಅದು ಕೊಡುವ ಎಚ್ಚರಿಕೆ. ಅದನ್ನು ಹೊಡೆದು ಬಾಯಿ ಮುಚ್ಚಿಸಿದರೆ ಮುಂದೆ ಎಚ್ಚರಿಕೆ ಇಲ್ಲದೆ ಕಚ್ಚುವ ನಾಯಿ ಆಗುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅದು ಎಷ್ಟು ಅಪಾಯ ಯೋಚಿಸಿ.

ಹಾವೇರಿ ರೈತ:

ಮಾಸ್ತರರು ಹಳ್ಳಿ ನಾಯಿ ಅಂದದ್ದಕ್ಕೆ ಬರೆಯುತ್ತಿದ್ದೇನೆ. ಬೆಳೆ ತೆಗೆದ ಮೇಲೆ ನಮ್ಮ ಹೊಲದಲ್ಲಿ ಕುರಿ ನಿಲ್ಲಿಸುತ್ತೇವೆ, ಗೊಬ್ಬರ ಆಗುತ್ತದೆ ಅಂತ. ಕುರಿಗಾರರ ಜೊತೆ ನಾಯಿಗಳು ಬರುತ್ತವೆ. ಸಂಜೆ ಹಟ್ಟಿ ಹಾಕಿದ ಮೇಲೆ ಅವರು ಒಂದು ಸಿಳ್ಳೆ ಹಾಕುತ್ತಾರೆ. ಎಲ್ಲಿದ್ದರೂ ನಾಯಿ ಓಡಿ ಬರುತ್ತದೆ. ಬಂದ ಕೂಡಲೇ ಅಲ್ಯೂಮಿನಿಯಂ ತಾಟಿನಲ್ಲಿ ರೊಟ್ಟಿ ಮುರಿದು ಹಾಲು ಹಾಕಿ ಮುಂದೆ ಇಡುತ್ತಾರೆ. ಮರಿಗಳು ದೊಡ್ಡ ನಾಯಿಯ ಹಿಂದೆ ಓಡಿ ಬಂದು ಅದೇ ತಾಟಿಗೆ ಬಾಯಿ ಹಾಕುತ್ತವೆ. ಸಿಳ್ಳೆ ಅಂದರೆ ರೊಟ್ಟಿ ಅಂತ ಅವು ಅಲ್ಲೇ ಕಲಿಯುತ್ತವೆ. ಅವರು ಅದನ್ನು ಟ್ರೇನಿಂಗ್ ಅನ್ನುವುದಿಲ್ಲ, ಆದರೆ ಕೆಲಸ ಅದೇ ಅಲ್ವಾ? ಆ ನಾಯಿಗಳಿಗೆ ಯಜಮಾನನ ಮೇಲೆ ಗೌರವ ಇಲ್ಲ ಅಂತ ಯಾರೂ ಹೇಳುವುದಿಲ್ಲ.

ಬೆಟಗೇರಿ ಮಾಸ್ತರು:

ರೈತ ಬಂಧುಗಳ ಮಾತು ಚೆನ್ನಾಗಿದೆ. ರಷ್ಯಾದ ವಿಜ್ಞಾನಿ ಪಾವ್ಲೋವ್ ನಾಯಿಗಳ ಜೊಲ್ಲಿನ ಪ್ರಯೋಗ ಮಾಡಿದ್ದನ್ನು ತರಗತಿಯಲ್ಲಿ ಹೇಳಿದ್ದು ನೆನಪಾಯಿತು. 1904ರಲ್ಲಿ ನೊಬೆಲ್ ಬಂದದ್ದು ಆತನ ಪಚನಕ್ರಿಯೆಯ ಸಂಶೋಧನೆಗೆ. ಜೊಲ್ಲು ಅಳೆಯುತ್ತಿರುವಾಗಲೇ, ತಿನಿಸು ಬರುವ ಸೂಚನೆಗೂ ನಾಯಿ ಜೊಲ್ಲು ಸುರಿಸುತ್ತದೆ ಅನ್ನುವುದು ಗೊತ್ತಾಗಿದ್ದು. ‘ಶಾಭಾಸ್’ ಮತ್ತು ಸಿಳ್ಳೆ ಎರಡೂ ಆ ಲೆಕ್ಕದಲ್ಲೇ ಕೆಲಸ ಮಾಡುತ್ತವೆ ಅಂತ ಒಪ್ಪುತ್ತೇನೆ. ಆದರೂ ಒಂದು ಪ್ರಶ್ನೆ ಉಳಿದಿದೆ. ಯಾವಾಗ ಕಡಿಮೆ ಮಾಡುವುದು? ವಿದ್ಯಾನಗರದ ಸಹೋದರಿ ಮೊದಲೇ ಕೇಳಿದ್ದೂ ಅದನ್ನೇ, ಅವರ ಮಾವನವರ ಚಿಂತೆಯೂ ಅದೇ.

ಕೆಲಗೇರಿ ಕೆರೆ, ಧಾರವಾಡ:

ಸರಿಯಾದ ಪ್ರಶ್ನೆ ಮಾಸ್ತರೇ. ಹೊಸ ಕೆಲಸ ಕಲಿಯುವಾಗ ಪ್ರತಿ ಸಲವೂ ಕೊಡಬೇಕು, ಜಿಪುಣತನ ಬೇಡ. ಹತ್ತರಲ್ಲಿ ಎಂಟು ಒಂಬತ್ತು ಸಲ ಒಂದೇ ಮಾತಿಗೆ ಮಾಡುತ್ತಿದೆ ಅಂದಾಗ ಕಡಿಮೆ ಮಾಡಲು ಶುರು ಮಾಡಿ. ಒಂದು ಸಲ ಕೊಡಿ, ಎರಡು ಸಲ ಬರೀ ‘ಜಾಣೆ’ ಅಂದು ಕಿವಿ ಹಿಂದೆ ಸವರಿ, ಮತ್ತೊಂದು ಸಲ ಕೊಡಿ, ಆಮೇಲೆ ಮೂರು ಸಲ ಬಿಟ್ಟು ಕೊಡಿ. ಇಷ್ಟನೇ ಸಲಕ್ಕೆ ಬರುತ್ತದೆ ಅಂತ ಮರಿಗೆ ಲೆಕ್ಕ ಸಿಗಬಾರದು. ಯಾವಾಗ ಬರುತ್ತದೋ ಗೊತ್ತಿಲ್ಲ ಅಂತಾದಾಗ ನಾಯಿ ಬಿಡದೆ ಕೆಲಸ ಮಾಡುತ್ತದೆ. ‘ಶಾಭಾಸ್’ ಅಂದರೆ ಮಾತ್ರ ತಿನಿಸು ಕೊಡಲೇಬೇಕು, ಆ ಮಾತು ಸುಳ್ಳಾಗಬಾರದು. ಅದಕ್ಕೇ ತಿನಿಸಿಲ್ಲದ ಸಲಕ್ಕೆ ‘ಜಾಣೆ’.

ತಿನಿಸಿನ ಜಾಗಕ್ಕೆ ಮನೆಯ ದಿನದ ಸುಖಗಳನ್ನು ತನ್ನಿ. ಬಾಗಿಲು ತೆಗೆಯುವ ಮುಂಚೆ ಕುಂದ್ರು, ಕೂತರೆ ಬಾಗಿಲು ತೆರೆಯುತ್ತದೆ. ಊಟದ ತಾಟು ಇಡುವ ಮುಂಚೆ ಕುಂದ್ರು. ಚೆಂಡು ಎಸೆಯುವ ಮುಂಚೆ ಕುಂದ್ರು. ಅಲ್ಲಿ ಕೈಯಲ್ಲಿ ಪನೀರ್ ಬೇಡ, ಬಾಗಿಲೇ ಕೂಲಿ.

‘ಬಾ’ ಅನ್ನುವ ಒಂದಕ್ಕೆ ಮಾತ್ರ ನಾನು ಟ್ರೀಟ್ ಪೂರ್ತಿ ನಿಲ್ಲಿಸುವುದಿಲ್ಲ. ಗೇಟು ತೆರೆದು ಮರಿ ರಸ್ತೆಗೆ ನುಗ್ಗಿದಾಗ ಪ್ರಾಣ ಉಳಿಸುವ ಮಾತು ಅದು. ‘ಬಾ’ ಅಂತ ಕರೆದು ಸ್ನಾನ ಮಾಡಿಸಬಾರದು, ಔಷಧಿ ಹಾಕಬಾರದು, ಬೈಯಬಾರದು. ಅದಕ್ಕೆಲ್ಲ ನೀವೇ ಹೋಗಿ ಎತ್ತಿಕೊಂಡು ಬನ್ನಿ. ಕರೆದಾಗ ಹತ್ತು ನಿಮಿಷ ತಡ ಮಾಡಿ ಬಂದರೂ ಬಂದದ್ದಕ್ಕೆ ಮೆಚ್ಚಿ.

ಮುಧೋಳ ಮನೆ, ಧಾರವಾಡ:

‘ಬಾ’ ವಿಷಯಕ್ಕೆ ನನಗೂ ಹೇಳುವುದಿದೆ. ನಮ್ಮ ಮನೆಯಲ್ಲಿ ಇರುವುದು ಮುಧೋಳ ನಾಯಿ. ನಮ್ಮ ಉತ್ತರ ಕರ್ನಾಟಕದ್ದೇ ಆದ ಬಾಗಲಕೋಟೆ ಜಿಲ್ಲೆಯ ತಳಿ, 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಇದಕ್ಕೇ ಅಂತ ಶ್ವಾನ ಸಂಶೋಧನಾ ಕೇಂದ್ರ ಇದೆ. ಮರಿ ತರುವವರು ಅಂಥ ಕಡೆ ವಿಚಾರಿಸಿ ತನ್ನಿ, ರಸ್ತೆ ಬದಿಯ ಬುಟ್ಟಿಯಿಂದ ಬೇಡ. 2017ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗೂ ಇಲ್ಲ.

ಲ್ಯಾಬ್ರಡಾರ್‌ಗೆ ಬರೆದದ್ದನ್ನೆಲ್ಲ ಹಾಗೇ ಮುಧೋಳಕ್ಕೆ ಮಾಡಿದರೆ ಬೇಸರ ಆಗುತ್ತದೆ. ಇದು ಕಣ್ಣಿನಿಂದ ಬೇಟೆ ಆಡುವ ತಳಿ. ದೂರದಲ್ಲಿ ಬೆಕ್ಕಿನ ಬಾಲ ಅಲ್ಲಾಡಿದರೂ ಕಿವಿ ಮುಚ್ಚಿಹೋಗುತ್ತದೆ. ತಿನಿಸಿನ ಆಸೆಯೂ ಅಷ್ಟಿಲ್ಲ. ನಮ್ಮದಕ್ಕೆ ಹಗ್ಗದ ತುದಿಗೆ ಕಟ್ಟಿದ ಹಳೆ ಬಟ್ಟೆಯನ್ನು ನೆಲದ ಮೇಲೆ ಎಳೆದಾಡಿದರೆ ಅದರ ಹಿಂದೆ ಓಡುವುದೇ ದೊಡ್ಡ ಟ್ರೀಟ್. ‘ಬಾ’ ಅಂದಾಗ ಬಂದರೆ ಆ ಬಟ್ಟೆ ಎಳೆಯುತ್ತೇನೆ. ಮೈಯಲ್ಲಿ ಕೊಬ್ಬು ಕಡಿಮೆ, ಎಲುಬು ಜಾಸ್ತಿ. ಗಟ್ಟಿ ನೆಲದಲ್ಲಿ ಕೂರಲು ಒಲ್ಲದು. ಕೌದಿ ಹಾಸಿ ಅದರ ಮೇಲೆ ಕಲಿಸಿ, ವ್ಯತ್ಯಾಸ ನೋಡಿ. ಧ್ವನಿ ಏರಿಸಿದರೆ ಮೂಲೆಗೆ ಹೋಗಿ ಮಲಗಿಬಿಡುತ್ತದೆ, ಅಷ್ಟು ಸೂಕ್ಷ್ಮ.

ಬಯಲಲ್ಲಿ ಬಿಚ್ಚಿ ಬಿಡುವ ಧೈರ್ಯ ಮಾಡಬೇಡಿ. ಹತ್ತು ಮೀಟರ್ ಉದ್ದದ ಹಗ್ಗ ಕಟ್ಟಿ ಅಭ್ಯಾಸ ಮಾಡಿಸಿ. ಹಾವೇರಿ ಕಡೆಯವರು, ವಿಶೇಷವಾಗಿ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಸುತ್ತ ಇರುವವರು, ಇದನ್ನು ಗಟ್ಟಿಯಾಗಿ ಹಿಡಿಯಿರಿ. ಕೃಷ್ಣಮೃಗ ಕಂಡ ಮುಧೋಳಕ್ಕೆ ಯಾವ ಪನೀರೂ ಕಾಣುವುದಿಲ್ಲ.

ನವನಗರ ವಿದ್ಯಾರ್ಥಿ:

ನನ್ನದು ಬೀದಿಯಿಂದ ತಂದ ಮರಿ. ಕೈ ಚಾಚಿದರೆ ಮಂಚದ ಕೆಳಗೆ ಹೋಗುತ್ತದೆ. ಅದಕ್ಕೆ ಮೂಗಿನ ಹತ್ತಿರ ತಿನಿಸು ಹಿಡಿಯುವುದು ಹೇಗೆ ಅಣ್ಣಾ?

ಕೆಲಗೇರಿ ಕೆರೆ, ಧಾರವಾಡ:

ಈಗಲೇ ಹಿಡಿಯಬೇಡ ತಮ್ಮಾ. ಕುಂದ್ರು ಗಿಂದ್ರು ಎಲ್ಲ ಆಮೇಲೆ. ನೆಲದ ಮೇಲೆ ಕೂತುಕೊಂಡು ಪುಸ್ತಕ ಓದು. ಮರಿಯನ್ನು ನೋಡಬೇಡ, ಕಣ್ಣಲ್ಲಿ ಕಣ್ಣಿಟ್ಟರೆ ಹೆದರುತ್ತದೆ. ಆಗಾಗ ಒಂದು ಚೂರನ್ನು ಅದರ ಹಿಂಭಾಗಕ್ಕೆ ಬೀಳುವ ಹಾಗೆ ಎಸೆ. ನಿನ್ನ ಕಡೆಗೆ ಬಾ ಅನ್ನುವ ಒತ್ತಾಯ ಇರಬಾರದು. ದಿನ ಹೋದ ಹಾಗೆ ತಾನೇ ಹತ್ತಿರ ಬರುತ್ತದೆ. ಅಂಗೈಯಿಂದ ತಿಂದ ಮೇಲೆ ಪಾಠ ಶುರು. ಬೀದಿ ಮರಿಗಳು ಬಹಳ ಬೇಗ ಕಲಿಯುತ್ತವೆ, ನಂಬಿಕೆ ಬರಲು ಮಾತ್ರ ಹೊತ್ತು ಬೇಕು.

ವಿದ್ಯಾನಗರ, ಹುಬ್ಬಳ್ಳಿ:

ಎಲ್ಲರಿಗೂ ಬಹಳ ಧನ್ಯವಾದ. ಖಾಲಿ ಕೈಯ ಉಪಾಯ ಕೆಲಸ ಮಾಡಿತು! ಅತ್ತೆಯವರ ‘ಕುಂದ್ರು’ ಎಲ್ಲರಿಗೂ ಗೊತ್ತಾಗಿದೆ, ಕಾಗದ ಫ್ರಿಜ್ ಮೇಲೆ ಇದೆ. ಮಾವನವರೇ ಈಗ ಊಟದ ತಾಟು ಹಿಡಿದು ‘ಕುಂದ್ರು’ ಅನ್ನುತ್ತಾರೆ. ಚಿನ್ನಿ ಕೂತ ಮೇಲೆಯೇ ಇಡುತ್ತಾರೆ.

ಈಗಿನ ತೊಂದರೆ ಬೇರೆ. ಹಾಲ್‌ನಲ್ಲಿ ಎಲ್ಲ ಕೇಳುತ್ತದೆ. ಗೇಟಿನ ಹತ್ತಿರ ಹೋದರೆ ಏನೂ ಕೇಳುವುದಿಲ್ಲ. ಸ್ಕೂಟರ್, ಹಾಲಿನವರು, ಬೀದಿ ನಾಯಿ, ಎಲ್ಲ ಕಡೆ ಗಮನ. ಜೊತೆಗೆ ನೆಲದ ಮೇಲೆ ಬಿದ್ದದ್ದೆಲ್ಲ ಬಾಯಿಗೆ ಹೋಗುತ್ತದೆ. ‘ಬಿಡು’ ಹೇಗೆ ಕಲಿಸುವುದು?

ಗದಗದಿಂದ ಪಶುವೈದ್ಯೆ:

ಮೊದಲು ಲಸಿಕೆ ಮಾತು. ಪಾರ್ವೊ ಮತ್ತು ಡಿಸ್ಟೆಂಪರ್ ಮರಿಗಳ ಪ್ರಾಣ ತೆಗೆಯಬಲ್ಲ ವೈರಸ್ ರೋಗಗಳು. ಅವುಗಳ ಲಸಿಕೆಯ ಕೊನೆಯ ಡೋಸ್ 16 ವಾರದ ಹೊತ್ತಿಗೆ ಆಗುತ್ತದೆ, ರೇಬೀಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ. ಅದು ಮುಗಿಯುವವರೆಗೆ ಬೀದಿ ನಾಯಿಗಳು ಓಡಾಡುವ ನೆಲದಲ್ಲಿ ಇಳಿಸಬೇಡಿ. ಪಾರ್ವೊ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ.

ಹಾಗಂತ ಮನೆಯೊಳಗೇ ಮುಚ್ಚಿಡಬಾರದು. ಮೂರರಿಂದ ಸುಮಾರು 14 ವಾರದವರೆಗೆ ಮರಿ ಏನೇನು ನೋಡುತ್ತದೋ ಅದನ್ನು ಜೀವನಪೂರ್ತಿ ಸಹಜ ಅಂತ ತಿಳಿಯುತ್ತದೆ. ಎತ್ತಿಕೊಂಡು ಹೋಗಿ. ಚಿಗರಿ ಬಸ್ಸು ಹೋಗುವುದನ್ನು ದೂರದಿಂದ ತೋರಿಸಿ, ತೋರಿಸುತ್ತಾ ಒಂದು ಚೂರು ಕೊಡಿ. ಹೆಲ್ಮೆಟ್ ಹಾಕಿದವರು, ಛತ್ರಿ ಹಿಡಿದವರು, ಗಡ್ಡದವರು, ಮಕ್ಕಳು, ಎಲ್ಲರನ್ನೂ ತೋಳಲ್ಲಿ ಕುಳಿತೇ ನೋಡಲಿ.

‘ಬಿಡು’ ಕಲಿಸುವುದು ಕೆಲಗೇರಿಯವರು ಬರೆಯಲಿ, ಅವರು ಚೆನ್ನಾಗಿ ಹೇಳುತ್ತಾರೆ.

ಕೆಲಗೇರಿ ಕೆರೆ, ಧಾರವಾಡ:

ಗೇಟಿನ ವಿಷಯ ಮೊದಲು. ಹಾಲ್‌ನಲ್ಲಿ ಕಲಿತದ್ದು ಅಂಗಳಕ್ಕೆ ತಾನಾಗಿ ಬರುವುದಿಲ್ಲ. ಹೊಸ ಜಾಗದಲ್ಲಿ ಮೊದಲಿನಿಂದ ಶುರು, ಆದರೆ ಬೇಗ ಮುಗಿಯುತ್ತದೆ. ಹಾಲ್ ಆದ ಮೇಲೆ ಹಿತ್ತಲು, ಆಮೇಲೆ ಗೇಟು ಮುಚ್ಚಿಕೊಂಡು ಅಂಗಳ, ಲಸಿಕೆ ಮುಗಿದ ಮೇಲೆ ಜನ ಇಲ್ಲದ ಹೊತ್ತಿಗೆ ಉಣಕಲ್ ಕೆರೆ ಕಡೆ. ಜಾಗ ಕಷ್ಟ ಆದ ಹಾಗೆ ಟ್ರೀಟ್ ಉತ್ತಮ ಆಗಬೇಕು. ಹಾಲ್‌ನಲ್ಲಿ ಡ್ರೈ ಫುಡ್ ಸಾಕು, ಗೇಟಿಗೆ ಪನೀರ್ ಇಟ್ಟುಕೊಳ್ಳಿ. ಅಲ್ಲಿ ತಿನಿಸು ಕೂಡ ತಿನ್ನದೆ ಹೊರಗೇ ನೋಡುತ್ತಿದ್ದರೆ ನೀವು ಗದ್ದಲಕ್ಕೆ ಬಹಳ ಹತ್ತಿರ ಇದ್ದೀರಿ ಅಂತ ಅರ್ಥ. ನಾಲ್ಕು ಹೆಜ್ಜೆ ಹಿಂದೆ ಬನ್ನಿ.

ಈಗ ‘ಬಿಡು’. ಮುಷ್ಟಿಯೊಳಗೆ ಸಾದಾ ತಿನಿಸು ಇಟ್ಟು ಮುಚ್ಚಿ ಮರಿಯ ಮುಂದೆ ಹಿಡಿಯಿರಿ. ಮಾತಾಡಬೇಡಿ. ಮೂಸುತ್ತದೆ, ನೆಕ್ಕುತ್ತದೆ, ಕಾಲಿನಿಂದ ಕೆರೆಯುತ್ತದೆ, ಹಲ್ಲು ತಾಗಿಸುತ್ತದೆ. ಮುಷ್ಟಿ ತೆರೆಯಬೇಡಿ, ಹಿಂದೆ ಎಳೆಯಲೂ ಬೇಡಿ. ಸ್ವಲ್ಪ ಹೊತ್ತಿಗೆ ಸಾಕಾಗಿ ಮುಖ ಒಂದು ಅಂಗುಲ ಹಿಂದೆ ತೆಗೆಯುತ್ತದೆ. ಆ ಒಂದು ಅಂಗುಲಕ್ಕೇ ‘ಶಾಭಾಸ್’. ಕೊಡುವುದು ಇನ್ನೊಂದು ಕೈಯಿಂದ, ಮುಷ್ಟಿಯಲ್ಲಿ ಇದ್ದದ್ದಕ್ಕಿಂತ ಒಳ್ಳೆಯದು. ಮುಷ್ಟಿಯಲ್ಲಿದ್ದದ್ದನ್ನು ಯಾವತ್ತೂ ಕೊಡಬೇಡಿ. ಬಿಟ್ಟದ್ದು ಆಮೇಲೂ ಸಿಗುವುದಿಲ್ಲ ಅಂತ ತಿಳಿಯಬೇಕು. ಮುಷ್ಟಿ ಕಂಡ ಕೂಡಲೇ ಹಿಂದೆ ಸರಿಯುತ್ತಿದೆ ಅಂದಾಗ ‘ಬಿಡು’ ಸೇರಿಸಿ. ಆಮೇಲೆ ಅಂಗೈ ತೆರೆದು, ಆಮೇಲೆ ನೆಲದ ಮೇಲೆ ಇಟ್ಟು ಪಾದದಿಂದ ಮುಚ್ಚಿ, ಕೊನೆಗೆ ನೆಲದ ಮೇಲೆ ಹಾಗೇ.

ಗಣೇಶ ಹಬ್ಬ, ಜಾತ್ರೆ ಮುಗಿದ ಮರುದಿನ ರಸ್ತೆಯ ತುಂಬ ಎಲೆ, ಪ್ಲೇಟು ಬಿದ್ದಿರುತ್ತವೆ. ಇಲಿ ಪಾಷಾಣ ಇಟ್ಟವರ ಅಂಗಡಿ ಮುಂದೆ ನಡೆಯುತ್ತೀರಿ. ಅಲ್ಲಿ ಈ ಒಂದು ಮಾತು ಬೇಕೇ ಬೇಕು. ಬಾಯಿಗೆ ಹಾಕಿಕೊಂಡಿದ್ದರೆ ಬೆನ್ನಟ್ಟಿ ಕಿತ್ತುಕೊಳ್ಳಬೇಡಿ, ಬೆನ್ನಟ್ಟಿದರೆ ನುಂಗಿಬಿಡುತ್ತದೆ. ಮೂಗಿನ ಮುಂದೆ ಪನೀರ್ ಹಿಡಿಯಿರಿ, ಬಾಯಿ ತೆರೆಯುತ್ತದೆ. ಇದು ಲಂಚವೇ, ಆದರೆ ಆ ಗಳಿಗೆಗೆ ಅದೇ ಸರಿ.

ಗೋಕುಲ ರೋಡ್, ಹುಬ್ಬಳ್ಳಿ:

ಗಣೇಶ ಹಬ್ಬ ಅಂದದ್ದಕ್ಕೆ ಕೇಳುತ್ತೇನೆ. ನಮ್ಮ ಓಣಿಯಲ್ಲಿ ಮೆರವಣಿಗೆ ದಿನ ಡೊಳ್ಳು, ಪಟಾಕಿ, ಡಿಜೆ ಎಲ್ಲ ಇರುತ್ತದೆ. ಮರಿಗೆ ಈಗಿಂದಲೇ ಅಭ್ಯಾಸ ಮಾಡಿಸಬಹುದೇ ಡಾಕ್ಟ್ರೇ?

ಗದಗದಿಂದ ಪಶುವೈದ್ಯೆ:

ಮಾಡಿಸಬೇಕು, ಈಗಲೇ ಸರಿಯಾದ ಹೊತ್ತು. ಮೊಬೈಲ್‌ನಲ್ಲಿ ಪಟಾಕಿ ಸದ್ದು ಹಚ್ಚಿ, ಕೇಳಿಯೂ ಕೇಳದಷ್ಟು ಸಣ್ಣದಾಗಿ. ಸದ್ದು ಬಂದಾಗ ತಿನಿಸು ಕೊಡಿ, ಸದ್ದು ನಿಂತಾಗ ತಿನಿಸೂ ನಿಲ್ಲಲಿ. ಮರಿ ಆರಾಮ ಇದ್ದರೆ ಮಾತ್ರ ಮರುದಿನ ಸ್ವಲ್ಪ ಏರಿಸಿ. ಕಿವಿ ಹಿಂದೆ ಹೋಗುವುದು, ಬಾಲ ಒಳಗೆ ಸೇರುವುದು, ತಿನಿಸು ಬಿಡುವುದು ಕಂಡರೆ ಸದ್ದು ಇಳಿಸಿ. ನಿಜವಾದ ಮೆರವಣಿಗೆಯ ದಿನ ಒಳಗಿನ ಕೋಣೆ, ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ನಿಮ್ಮ ಹತ್ತಿರವೇ ಇರಲಿ. ತೋರಿಸಲು ಅಂತ ಹೊರಗೆ ಒಯ್ಯಬೇಡಿ.

ವಿದ್ಯಾನಗರ, ಹುಬ್ಬಳ್ಳಿ:

ಇನ್ನೊಂದೇ ಪ್ರಶ್ನೆ. ಆಟದಲ್ಲಿ ಮಗಳ ಕೈ ಕಚ್ಚುತ್ತದೆ. ರಕ್ತ ಬರುವುದಿಲ್ಲ, ಆದರೆ ಸೂಜಿಯಂಥ ಹಲ್ಲು, ಅವಳು ಕೂಗುತ್ತಾಳೆ. ಕೂಗಿದಷ್ಟೂ ಚಿನ್ನಿಗೆ ಹುರುಪು ಜಾಸ್ತಿ. ಇದಕ್ಕೂ ‘ಬಿಡು’ ಅನ್ನಬಹುದೇ?

ಕೆಲಗೇರಿ ಕೆರೆ, ಧಾರವಾಡ:

ಈಗಲೇ ಬೇಡ ಅಕ್ಕಾರೆ, ‘ಬಿಡು’ ಇನ್ನೂ ಗಟ್ಟಿಯಾಗಿಲ್ಲ. ಹಲ್ಲು ತಾಗಿದ ಕೂಡಲೇ ಮಗಳು ಆಟ ನಿಲ್ಲಿಸಿ, ಕೈ ಕಟ್ಟಿ, ಮುಖ ತಿರುಗಿಸಿ ನಿಲ್ಲಲಿ. ಹತ್ತು ಹದಿನೈದು ಸೆಕೆಂಡ್ ಆದ ಮೇಲೆ ಕೈಯ ಬದಲು ಹಗ್ಗದ ಆಟಿಕೆ ಕೊಟ್ಟು ಮತ್ತೆ ಆಟ. ಮತ್ತೆ ಕಚ್ಚಿದರೆ ಮಗಳು ಎದ್ದು ಬೇರೆ ಕೋಣೆಗೆ ಹೋಗಲಿ. ಮನೆಯವರೆಲ್ಲ ಹೀಗೇ ಮಾಡಬೇಕು. ನಿಮ್ಮ ಮನೆಯವರು ಕೈ ಕಚ್ಚಿಸಿಕೊಂಡು ಆಡಿದರೆ ಮಗಳು ಮಾಡಿದ್ದೆಲ್ಲ ವ್ಯರ್ಥ. ಸಂಜೆ ಹೊತ್ತಿಗೆ ಕಚ್ಚುವುದು ಜಾಸ್ತಿ ಇದ್ದರೆ ಅದಕ್ಕೆ ನಿದ್ದೆ ಬಂದಿದೆ ಅಂತ ತಿಳಿಯಿರಿ, ಜಾಗಕ್ಕೆ ಒಯ್ದು ಮಲಗಿಸಿ.

ಗದಗದಿಂದ ಪಶುವೈದ್ಯೆ:

ನಾಲ್ಕು ತಿಂಗಳ ಸುಮಾರಿಗೆ ಹಾಲು ಹಲ್ಲು ಬೀಳಲು ಶುರುವಾಗುತ್ತದೆ, ಆಗ ಕಡಿಯುವ ಆಸೆ ಇನ್ನೂ ಏರುತ್ತದೆ. ತೋಯಿಸಿದ ದಪ್ಪ ಬಟ್ಟೆಯನ್ನು ಹಗ್ಗದ ಹಾಗೆ ತಿರುಚಿ ಫ್ರೀಜರ್‌ನಲ್ಲಿ ಇಟ್ಟು ಕೊಡಿ, ಒಸಡಿಗೆ ತಂಪಾಗುತ್ತದೆ. ನೀವು ಹತ್ತಿರ ಇದ್ದಾಗ ಮಾತ್ರ ಕೊಡಿ, ಬಟ್ಟೆ ಹರಿದು ನುಂಗಬಾರದು. ಆರು ಏಳು ತಿಂಗಳಿಗೆ ಹಲ್ಲೆಲ್ಲ ಬಂದಿರುತ್ತವೆ. ಅಲ್ಲಿಯವರೆಗೆ ಚಪ್ಪಲಿಗಳನ್ನು ಕಪಾಟಿನ ಒಳಗೆ ಇಡಿ. ಸೋಫಾದ ಕಾಲಿಗೆ ಗೋಣಿ ಸುತ್ತಬಹುದು.